ಹಿಡಿ ಇಲ್ಲದ ಅಲಗು

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತುಗಳ ಬರಹರೂಪ)



ನನಗೆ ಇಪ್ಪತ್ತು ನಿಮಿಷ ಕೊಟ್ಟಿದ್ದಾರೆ. 'ಹಳೆಯ ನೆನಪು ಹೇಳಿ ಸಾಕು ಮೇಡಂ' ಅಂತ ಫೋನಿನಲ್ಲಿ ಹೇಳಿದ್ದರು. ನೆನಪುಗಳನ್ನು ನಿನ್ನೆಯಿಂದ ಎಲ್ಲರೂ ಹೇಳುತ್ತಿದ್ದಾರೆ, ಹುಣಸೆಮರದ ಕೆಳಗಿನ ಪಾಠ, ಸೋರುತ್ತಿದ್ದ ಹೆಂಚು, ಎಲ್ಲವೂ ಬಂದುಹೋಯಿತು. ನಾನು ಬಂದಿರುವುದು ಒಂದು ಬಾಕಿ ತೀರಿಸುವುದಕ್ಕೆ. ಸಾಲ ಕೊಟ್ಟವರು ಇಲ್ಲೇ ವೇದಿಕೆಯ ಮೇಲೆ ಇದ್ದಾರೆ, ನಮ್ಮ ವಿಜ್ಞಾನದ ಮೇಷ್ಟ್ರು.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಮೇಷ್ಟ್ರು ಬೋರ್ಡಿನ ಮೇಲೆ ಜೀವಸತ್ವಗಳ ಪಟ್ಟಿ ಬರೆಸಿದರು. ಎ ಇಲ್ಲದಿದ್ದರೆ ಇರುಳುಗುರುಡು, ಸಿ ಇಲ್ಲದಿದ್ದರೆ ವಸಡಿನಲ್ಲಿ ರಕ್ತ, ಬಿ2 ಇಲ್ಲದಿದ್ದರೆ ಕಟವಾಯಿ ಬಿರಿಯುವುದು, ನಾಲಿಗೆ ಕೆಂಪಾಗುವುದು. ಎರಡು ಅಂಕದ ಪ್ರಶ್ನೆ, ಬಾಯಿಪಾಠ ಮಾಡಿ ಅಂದರು. ಆಗ ನನ್ನ ಕಟವಾಯಿ ಬಿರಿದಿತ್ತು. ನನ್ನದೊಂದೇ ಅಲ್ಲ, ಆ ಬೆಂಚಿನಲ್ಲಿ ಕೂತಿದ್ದ ಐದು ಹುಡುಗಿಯರಲ್ಲಿ ಮೂವರದು ಹಾಗೇ ಇತ್ತು. ಸಾರು ತಗುಲಿದರೆ ಉರಿ, ಆಕಳಿಸಿದರೆ ರಕ್ತ. ನಾನು ಎದ್ದು ನಿಂತು ಕೇಳಿದೆ: 'ಸಾರ್, ಅದು ಒಳಗೆ ಹೋಗಿ ಏನು ಮಾಡುತ್ತೆ? ಅಷ್ಟು ಚೂರಿಗೆ ಬಾಯಿ ಯಾಕೆ ಬಿರಿಯುತ್ತೆ?' ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟು, 'ಅದು ನನಗೂ ಸರಿಯಾಗಿ ಗೊತ್ತಿಲ್ಲ ಕಣಮ್ಮ. ಗೊತ್ತಾದ ದಿನ ಬಂದು ಹೇಳು' ಅಂದರು. ಗೊತ್ತಿಲ್ಲ ಅಂತ ಒಪ್ಪಿಕೊಂಡ ಮೇಷ್ಟ್ರನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಆಮೇಲೂ ಹೆಚ್ಚು ನೋಡಲಿಲ್ಲ. ಮೂವತ್ತು ವರ್ಷದಿಂದ ಜೀವರಸಾಯನ ಪಾಠ ಮಾಡುತ್ತಿದ್ದೇನೆ, ಹೇಳುವುದಕ್ಕೆ ಇವತ್ತು ಬಂದಿದ್ದೇನೆ.

ಬಿ2ಗೆ ರೈಬೋಫ್ಲೇವಿನ್ ಅಂತ ಹೆಸರು. ಫ್ಲೇವಸ್ ಅಂದರೆ ಲ್ಯಾಟಿನ್ ಭಾಷೆಯಲ್ಲಿ ಹಳದಿ. ಹಾಲು ಒಡೆದಾಗ ಮೇಲೆ ನಿಲ್ಲುವ ತಿಳಿನೀರು ನೋಡಿದ್ದೀರಲ್ಲ, ಹಸಿರು ಕಲೆತ ಹಳದಿ ಬಣ್ಣ. ಆ ಬಣ್ಣವೇ ಇದು. (ಹಸುವಿನ ಬೆಣ್ಣೆಯ ಹಳದಿ ಬೇರೆ, ಅದು ಹಸಿರು ಮೇವಿನಿಂದ ಬರುವ ಕ್ಯಾರೋಟಿನ್.) ಇಂಗ್ಲೆಂಡಿನ ಬ್ಲೈತ್ ಅನ್ನುವವರು 1879ರಲ್ಲೇ ಈ ಬಣ್ಣವನ್ನು ಹಾಲಿನ ತಿಳಿಯಿಂದ ತೆಗೆದು ನೋಡಿದ್ದರು. ಅದು ಏನಕ್ಕೆ ಇದೆ ಅಂತ ತಿಳಿಯಲು ಮತ್ತೆ ಐವತ್ತು ವರ್ಷ ಬೇಕಾಯಿತು. 1933ರಲ್ಲಿ ಜರ್ಮನಿಯ ರಿಚರ್ಡ್ ಕೂನ್ ಮತ್ತು ಅವರ ಜೊತೆಯವರು ಇದನ್ನು ಶುದ್ಧವಾಗಿ ಹೊರತೆಗೆದರು. ಒಂದು ಗ್ರಾಂ ಸಿಗಲು ಐದು ಸಾವಿರ ಲೀಟರಿಗಿಂತ ಹೆಚ್ಚು ಹಾಲು ಬೇಕಾಯಿತಂತೆ. ನಮ್ಮ ಡೈರಿ ಕಾರ್ಯದರ್ಶಿಗಳು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿರಬೇಕು.

ಈಗ ಮೇಷ್ಟ್ರಿಗೆ ಉತ್ತರ. ಇಲ್ಲಿ ಕೂತವರಲ್ಲಿ ಬಹಳ ಜನ ಕುಡುಗೋಲು ಹಿಡಿದವರು. ಕುಲುಮೆಯಿಂದ ಬರೀ ಅಲಗು ತಂದಿರಿ ಅಂತ ಇಟ್ಟುಕೊಳ್ಳಿ, ಹಿಡಿ ಹಾಕಿಸಿಲ್ಲ. ಅದರಲ್ಲಿ ರಾಗಿ ಕೊಯ್ಯಲು ಹೋದರೆ ಮೊದಲು ಕುಯ್ಯುವುದು ನಿಮ್ಮ ಕೈ. ಬರೀ ಹಿಡಿ ಇಟ್ಟುಕೊಂಡರೆ? ಒಂದು ಮರದ ತುಂಡು, ಒಲೆಗೆ ಹಾಕಬಹುದು. ಅಲಗು ಹಿಡಿ ಎರಡೂ ಸೇರಿದರೆ ಮಾತ್ರ ಕುಡುಗೋಲು. ರೈಬೋಫ್ಲೇವಿನ್ ಅಲಗು. ನಮ್ಮ ಜೀವಕೋಶದೊಳಗಿನ ಪ್ರೋಟೀನು ಹಿಡಿ. ಎರಡೂ ಸೇರಿದ್ದಕ್ಕೆ ಕಿಣ್ವ ಅನ್ನುತ್ತೇವೆ. ಪ್ರೋಟೀನಿನ ಜೊತೆ ಕೂತು ಕೆಲಸ ಮಾಡುವ ಈ ಚಿಕ್ಕ ವಸ್ತುವಿಗೆ ಸಹಕಿಣ್ವ ಅಂತ ಹೆಸರು.

ಇದು ನಾನು ಕಟ್ಟಿದ ಹೋಲಿಕೆ ಇರಬಹುದು, ಆದರೆ ಇದನ್ನು ನಿಜವಾಗಿ ಮಾಡಿಯೇ ತೋರಿಸಿದವರಿದ್ದಾರೆ. 1932ರಲ್ಲಿ ಬರ್ಲಿನ್ನಿನಲ್ಲಿ ಆಟೋ ವಾರ್ಬರ್ಗ್ ಮತ್ತು ವಾಲ್ಟರ್ ಕ್ರಿಶ್ಚಿಯನ್ ಯೀಸ್ಟಿನಿಂದ ಒಂದು ಹಳದಿ ಕಿಣ್ವವನ್ನು ತೆಗೆದರು. ಕೆಲಸ ಮಾಡುವಾಗ ಅದರ ಹಳದಿ ಮಾಯವಾಗುತ್ತಿತ್ತು, ಆಮ್ಲಜನಕ ತಗುಲಿದರೆ ಮತ್ತೆ ಹಳದಿಯಾಗುತ್ತಿತ್ತು. ಅಲ್ಲಿಗೆ ಸ್ವೀಡನ್ನಿನಿಂದ ಹ್ಯೂಗೋ ಥಿಯೋರೆಲ್ ಅನ್ನುವ ಯುವಕ ಹೋದ. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಕಾಲಿನ ಬಲ ಹೋಗಿತ್ತು, ಡಾಕ್ಟರಿಕೆ ಓದಿದ್ದರೂ ರೋಗಿಗಳನ್ನು ನೋಡುವ ವೃತ್ತಿ ಹಿಡಿಯದೆ ಪ್ರಯೋಗಾಲಯ ಸೇರಿದವನು. ಅವನು ಆ ಹಳದಿ ಕಿಣ್ವವನ್ನು ಒಂದು ತೆಳು ಪೊರೆಯ ಚೀಲದೊಳಗಿಟ್ಟು, ತಣ್ಣಗಿನ ಹುಳಿ ದ್ರವದಲ್ಲಿ ಅದ್ದಿದ. ಹಳದಿ ಬಣ್ಣ ಚೀಲದಿಂದ ಹೊರಗೆ ಸೋರಿತು, ದೊಡ್ಡ ಗಾತ್ರದ ಪ್ರೋಟೀನು ಬಣ್ಣ ಕಳೆದುಕೊಂಡು ಒಳಗೇ ಉಳಿಯಿತು. ಬರೀ ಹಳದಿಯಿಂದ ಕೆಲಸವಿಲ್ಲ. ಬರೀ ಪ್ರೋಟೀನಿನಿಂದಲೂ ಇಲ್ಲ. ಎರಡನ್ನೂ ಮತ್ತೆ ಕೂಡಿಸಿದ, ಕಿಣ್ವ ಎದ್ದು ಕೂತಿತು! ಜೀವದ ಕೆಲಸವನ್ನು ಹೀಗೆ ಬಿಚ್ಚಿ, ಮತ್ತೆ ಜೋಡಿಸಬಹುದು ಅಂತ ಅಷ್ಟು ಸ್ಪಷ್ಟವಾಗಿ ಜಗತ್ತಿಗೆ ಗೊತ್ತಾದದ್ದು ಆಗ. ಥಿಯೋರೆಲ್‌ಗೆ 1955ರಲ್ಲಿ ನೊಬೆಲ್ ಬಂತು. ಪಾಠದಲ್ಲಿ ನಾನು ಈ ಪ್ರಯೋಗಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕೊಡುತ್ತೇನೆ ಅಂತ ನನ್ನ ವಿದ್ಯಾರ್ಥಿಗಳ ದೂರು.

ಹಾಗಾದರೆ ಅಲಗು ಕೊಯ್ಯುವುದು ಏನನ್ನು? ನಾವು ಉಂಡ ಮುದ್ದೆ, ಅನ್ನ, ಎಣ್ಣೆ ಎಲ್ಲವೂ ಜೀವಕೋಶದಲ್ಲಿ ಚೂರು ಚೂರಾಗಿ ಉರಿಯುತ್ತವೆ. ಒಲೆಯಲ್ಲಿ ಉರಿದ ಹಾಗೆ ಒಮ್ಮೆಲೇ ಅಲ್ಲ. ಆಹಾರದ ಕಣದಿಂದ ಹೈಡ್ರೋಜನ್, ಅದರ ಜೊತೆ ಎಲೆಕ್ಟ್ರಾನುಗಳನ್ನು ಕಿತ್ತು, ಕೈಯಿಂದ ಕೈಗೆ ದಾಟಿಸುತ್ತ ಕೊನೆಗೆ ಆಮ್ಲಜನಕಕ್ಕೆ ಒಪ್ಪಿಸಬೇಕು. ದಾರಿಯಲ್ಲಿ ಸಿಗುವ ಶಕ್ತಿಯಿಂದಲೇ ನಾನು ಇಲ್ಲಿ ನಿಂತು ಮಾತಾಡುತ್ತಿರುವುದು. ರೈಬೋಫ್ಲೇವಿನ್ನಿನಲ್ಲಿ ಒಂದಕ್ಕೊಂದು ಅಂಟಿದ ಮೂರು ಉಂಗುರಗಳಿವೆ. ಆ ಉಂಗುರಗಳು ಎರಡು ಎಲೆಕ್ಟ್ರಾನು ತೆಗೆದುಕೊಂಡಾಗ ಹಳದಿ ಹೋಗುತ್ತದೆ, ಕೊಟ್ಟುಬಿಟ್ಟಾಗ ಹಳದಿ ಮರಳುತ್ತದೆ. ವಾರ್ಬರ್ಗ್ ಕಂಡದ್ದು ಇದನ್ನೇ.

ಇದಕ್ಕೆ ಇನ್ನೊಂದು ಗುಣವಿದೆ, ಅದು ನನಗೆ ಬಸ್ ಕಂಡಕ್ಟರನ್ನು ನೆನಪಿಸುತ್ತದೆ. ಆಹಾರದಿಂದ ಎಲೆಕ್ಟ್ರಾನುಗಳನ್ನು ಹೊತ್ತು ತರುವವನು ಯಾವಾಗಲೂ ಎರಡನ್ನು ಒಟ್ಟಿಗೇ ಕೊಡುತ್ತಾನೆ, ಬಿಡಿಸಿ ಕೊಡುವುದಿಲ್ಲ. ಮುಂದೆ ಕಾದಿರುವ ಕಬ್ಬಿಣ-ಗಂಧಕದ ಕೂಟಗಳು ಒಂದೊಂದೇ ತೆಗೆದುಕೊಳ್ಳುತ್ತವೆ, ಎರಡು ಹಿಡಿಯುವುದಿಲ್ಲ. ನಡುವೆ ಚಿಲ್ಲರೆ ಮಾಡಿಕೊಡುವವರು ಬೇಕು. ಎರಡನ್ನು ಒಟ್ಟಿಗೆ ತೆಗೆದುಕೊಂಡು ಒಂದೊಂದಾಗಿ ಕೊಡುವ ಜಾಣ್ಮೆ ಈ ಹಳದಿ ಉಂಗುರಗಳಿಗಿದೆ. ನಮ್ಮ ಪ್ರತಿ ಉಸಿರಿನ ಆಮ್ಲಜನಕ ಉಪಯೋಗಕ್ಕೆ ಬರುವುದು ಈ ಚಿಲ್ಲರೆ ವ್ಯಾಪಾರ ನಡೆದರೆ.

ನಾವು ತಿಂದ ರೈಬೋಫ್ಲೇವಿನ್ ಹಾಗೇ ಪ್ರೋಟೀನಿನಲ್ಲಿ ಕೂರುವುದಿಲ್ಲ. ದೇಹ ಅದಕ್ಕೆ ಒಂದು ರಂಜಕದ ಬಾಲ ಕಟ್ಟಿ ಎಫ್‌ಎಂಎನ್ ಮಾಡುತ್ತದೆ, ಇನ್ನೂ ಉದ್ದದ ಬಾಲ ಕಟ್ಟಿ ಎಫ್‌ಎಡಿ ಮಾಡುತ್ತದೆ. ಮಕ್ಕಳೇ, ಹೆಸರು ಮರೆತರೂ ಚಿಂತೆಯಿಲ್ಲ. ಹಿಡಿಯ ತೂತಿಗೆ ಇಳಿಯುವಂತೆ ಅಲಗಿನ ಹಿಂಬದಿಯನ್ನು ಚೂಪು ಮಾಡಿರುತ್ತಾರಲ್ಲ, ಆ ಕೆಲಸ ಬಾಲದ್ದು. ಹೆಚ್ಚಿನ ಪ್ರೋಟೀನುಗಳು ಇದನ್ನು ಅನೇಕ ಸಣ್ಣ ಸೆಳೆತಗಳಿಂದ ಬಿಗಿಯಾಗಿ ಹಿಡಿಯುತ್ತವೆ, ಬೆಸುಗೆ ಹಾಕುವುದಿಲ್ಲ. ಕೆಲವು ಮಾತ್ರ ಬೆಸುಗೆಯನ್ನೇ ಹಾಕಿಬಿಡುತ್ತವೆ. ಸಕ್ಸಿನೇಟ್ ಡಿಹೈಡ್ರೋಜಿನೇಸ್ ಅನ್ನುವ ಕಿಣ್ವ ಅಂಥದ್ದು.

ಪ್ರೋಟೀನು ಯಾಕೆ ಬೇಕೇ ಬೇಕು ಅಂದರೆ, ಹಿಡಿ ಇಲ್ಲದ ಅಲಗು ಕೈ ಕುಯ್ದ ಹಾಗೆ, ಎಲೆಕ್ಟ್ರಾನು ಹೊತ್ತ ಬರಿಯ ಫ್ಲೇವಿನ್ ಎದುರಿಗೆ ಬಂದ ಆಮ್ಲಜನಕಕ್ಕೆ ಅದನ್ನು ತಟಕ್ಕನೆ ಕೊಟ್ಟು ಹೈಡ್ರೋಜನ್ ಪೆರಾಕ್ಸೈಡ್ ಮಾಡುತ್ತದೆ, ಗಾಯ ತೊಳೆಯಲು ಹಾಕುತ್ತಿದ್ದರಲ್ಲ, ಆ ನೊರೆ ಔಷಧಿ. ಯಾರಿಂದ ತೆಗೆದುಕೊಳ್ಳಬೇಕು, ಯಾರಿಗೆ ಕೊಡಬೇಕು ಅನ್ನುವುದನ್ನು ನಿರ್ಧರಿಸುವುದು ಸುತ್ತ ಕೂತ ಪ್ರೋಟೀನು. ಒಂದೇ ಕಬ್ಬಿಣ ಕುಡುಗೋಲಿಗೂ ಆಗುತ್ತದೆ, ಮಚ್ಚಿಗೂ ಆಗುತ್ತದೆ, ಗುದ್ದಲಿಗೂ ಆಗುತ್ತದೆ. ಮನುಷ್ಯನಲ್ಲಿ ಸುಮಾರು 90 ಬಗೆಯ ಪ್ರೋಟೀನುಗಳು ಇದೇ ಎರಡು ಅಲಗುಗಳನ್ನು ಹಿಡಿದು 90 ಬೇರೆ ಬೇರೆ ಕೆಲಸ ಮಾಡುತ್ತವೆ. ಕೊಬ್ಬನ್ನು ಕರಗಿಸುವುದು ಒಂದು, ಬಿ6 ಜೀವಸತ್ವವನ್ನು ಉಪಯೋಗಕ್ಕೆ ಸಿದ್ಧ ಮಾಡುವುದು ಇನ್ನೊಂದು. ಅದಕ್ಕೇ ಬಿ2 ಕಡಿಮೆಯಾದರೆ ತೊಂದರೆ ಅದೊಂದರದ್ದೇ ಆಗಿ ಉಳಿಯುವುದಿಲ್ಲ. ತುಟಿ, ನಾಲಿಗೆಯಂಥ ಕಡೆ ಚರ್ಮ ಬೇಗ ಬೇಗ ಹೊಸದಾಗುತ್ತಿರಬೇಕು. ಕೆಲಸ ನಿಂತದ್ದು ಮೊದಲು ಕಾಣುವುದು ಅಲ್ಲಿ. ಹಾಗಂತ ಕಟವಾಯಿ ಬಿರಿದದ್ದೆಲ್ಲ ಬಿ2 ಕೊರತೆ ಅಲ್ಲ. ಕಬ್ಬಿಣದ ಕೊರತೆಯಿಂದಲೂ ಬರುತ್ತದೆ, ಸೋಂಕಿನಿಂದಲೂ ಬರುತ್ತದೆ, ವಾಸಿಯಾಗದಿದ್ದರೆ ಆಸ್ಪತ್ರೆಗೆ ತೋರಿಸಿ.

ಒಂದು ಕೆಲಸ ಮಾತ್ರ ಬೇರೆ ತರಹದ್ದು. ಹಸಿ ಮೊಟ್ಟೆ ಒಡೆದಾಗ ಬಿಳಿಯ ಭಾಗ ನಿಜವಾಗಿ ಬಿಳಿ ಇರುವುದಿಲ್ಲ, ಸ್ವಲ್ಪ ಹಸಿರು ಹಳದಿ ಇರುತ್ತದೆ. ಅಲ್ಲಿ ಒಂದು ಪ್ರೋಟೀನು ರೈಬೋಫ್ಲೇವಿನ್ನನ್ನು ಹಿಡಿದಿಟ್ಟುಕೊಂಡಿರುತ್ತದೆ. ಇದು ಕುಯ್ಯುವುದಕ್ಕೆ ಹಾಕಿದ ಹಿಡಿಯಲ್ಲ, ಕತ್ತಿಯನ್ನು ಇಟ್ಟ ಒರೆ. ಹುಟ್ಟುವ ಮರಿಗೆ ಅಂತ ತಾಯಿ ಕಟ್ಟಿಕೊಟ್ಟ ಬುತ್ತಿ. ವಂಶವಾಹಿಯ ದೋಷದಿಂದ ಈ ಪ್ರೋಟೀನು ಇಲ್ಲದ ಕೋಳಿಗಳಿವೆ. ಅವು ಮೊಟ್ಟೆ ಇಡುತ್ತವೆ, ಕಾವಿಗೂ ಕೂರಿಸಬಹುದು, ಆದರೆ ಸುಮಾರು ಹದಿಮೂರನೇ ದಿನಕ್ಕೆ ಒಳಗಿನ ಮರಿ ಸತ್ತುಹೋಗುತ್ತದೆ. ಕೋಳಿಗೆ ಎಷ್ಟು ಬಿ2 ತಿನ್ನಿಸಿದರೂ ಅಷ್ಟೇ, ಹೊತ್ತೊಯ್ಯುವವರಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಧಾಕಾಂತ ಅಡಿಗರು ಮತ್ತು ಅವರ ವಿದ್ಯಾರ್ಥಿಗಳು ಇಂಥದೇ ಪ್ರೋಟೀನು ಬಸುರಿ ಇಲಿಗಳ ರಕ್ತದಲ್ಲೂ ಇದೆ ಅಂತ ತೋರಿಸಿದರು. ಆ ಪ್ರೋಟೀನಿಗೆ ಪ್ರತಿಕಾಯ ಕೊಟ್ಟು ಅದನ್ನು ತಡೆದರೆ ಇಲಿಗಳ ಗರ್ಭ ನಿಲ್ಲಲಿಲ್ಲ. ನಾನು ಓದುವಾಗ ಇದನ್ನು ಪರದೇಶದ ಪುಸ್ತಕದಲ್ಲಿ ಓದಿ, ಕೊನೆಗೆ ಬೆಂಗಳೂರು ಅಂತ ಕಂಡಾಗ ಹಿಗ್ಗಿದ್ದು ಇನ್ನೂ ನೆನಪಿದೆ.

ಈಗ ನಮ್ಮ ಮನೆಯ ಮಾತು. ನಮ್ಮಕ್ಕ ಅಲ್ಲಿ ಮೂರನೇ ಸಾಲಿನಲ್ಲಿ ಕೂತಿದ್ದಾಳೆ. ಅವಳೂ ಇದೇ ಶಾಲೆ, ಎಂಟನೇ ತರಗತಿವರೆಗೆ. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಒಂದು ಹಸು ಉಳಿದಿತ್ತು. ಅಕ್ಕ ಶಾಲೆ ಬಿಟ್ಟು ಹಸು ನೋಡಿಕೊಂಡಳು. ಬೆಳಿಗ್ಗೆ ಐದಕ್ಕೆ ಹಾಲು ಕರೆದು ಡೈರಿಗೆ ಹೊರುವವಳು ಅವಳೇ. ಆ ಬಟವಾಡೆಯಲ್ಲಿ ನನ್ನ ಪುಸ್ತಕ, ನನ್ನ ಬಟ್ಟೆ, ಆಮೇಲೆ ನನ್ನ ಕಾಲೇಜು. ಮನೆಗೆ ಅಂತ ಒಂದು ಲೋಟ ಉಳಿಯುತ್ತಿತ್ತು, ಅವ್ವ ಅದಕ್ಕೆ ನೀರು ಬೆರೆಸಿ ಕಾಫಿ ಮಾಡುತ್ತಿದ್ದಳು. ಕೇಳಿದರೆ, 'ಹಾಲು ಕುಡುದ್ರೆ ಪುಸ್ತಕ ಯಾರ್ ತಂದ್ಕೊಡ್ತಾರೆ' ಅನ್ನುವಳು. ಲೀಟರಿಗೆ ಒಂದೂವರೆ ಮಿಲಿಗ್ರಾಮಿಗೂ ಹೆಚ್ಚು ರೈಬೋಫ್ಲೇವಿನ್ ಇರುವ ಹಾಲು ಬೆಳಿಗ್ಗೆ ಸಂಜೆ ನಮ್ಮ ಮನೆಯಿಂದ ಹೊರಗೆ ಹೋಗುತ್ತಿತ್ತು. ದಿನಕ್ಕೆ ದೊಡ್ಡವರಿಗೆ ಬೇಕಾದದ್ದು ಸುಮಾರು ಎರಡು ಮಿಲಿಗ್ರಾಂ, ಸಾಸಿವೆ ಕಾಳಿಗಿಂತ ಕಡಿಮೆ. ನಮ್ಮ ಮೂವರ ಬಾಯಿಯೂ ಬಿರಿದಿರುತ್ತಿತ್ತು. ಅವ್ವನ ಮೇಲೆ ನನಗೆ ಯಾವ ದೂರೂ ಇಲ್ಲ. ಆ ಲೆಕ್ಕ ಅವಳು ಬೇರೆ ಹೇಗೆ ಮಾಡಬಹುದಿತ್ತು ಅಂತ ನನಗೆ ಇವತ್ತಿಗೂ ತೋಚಿಲ್ಲ.

ನಾನು ಎಂ.ಎಸ್ಸಿ. ಓದುವಾಗ ಒಂದು ಪರೀಕ್ಷೆ ಕಲಿಸಿದರು. ಕೆಂಪು ರಕ್ತಕಣದಲ್ಲಿ ಗ್ಲುಟಾಥಿಯೋನ್ ರಿಡಕ್ಟೇಸ್ ಅಂತ ಒಂದು ಕಿಣ್ವ ಇದೆ, ಕಣವನ್ನು ಆಮ್ಲಜನಕದ ಏಟಿನಿಂದ ಕಾಪಾಡುವುದು. ಅದರ ಅಲಗು ಎಫ್‌ಎಡಿ. ಊಟದಲ್ಲಿ ಬಿ2 ಸಾಲದಿದ್ದರೆ ಹಿಡಿಗಳು ಕೆಲವು ಖಾಲಿ ಕೂತಿರುತ್ತವೆ. ಹಾಗಾದರೆ ಕೊರತೆ ಅಳೆಯುವುದು ಹೇಗೆ? ರಕ್ತ ತೆಗೆದುಕೊಂಡು, ಕಿಣ್ವ ಎಷ್ಟು ಕೆಲಸ ಮಾಡುತ್ತದೆ ನೋಡಿ. ಆಮೇಲೆ ಅದೇ ರಕ್ತಕ್ಕೆ ಹೊರಗಿನಿಂದ ಎಫ್‌ಎಡಿ ಹಾಕಿ ಮತ್ತೆ ನೋಡಿ. ಖಾಲಿ ಹಿಡಿಗಳಿಗೆಲ್ಲ ಅಲಗು ಸಿಕ್ಕಿ ಕೆಲಸ ಹೆಚ್ಚಾಗುತ್ತದೆ. ಎಷ್ಟು ಪಟ್ಟು ಹೆಚ್ಚಾಯಿತೋ ಅದೇ ಕೊರತೆಯ ಅಳತೆ. 1.2ರ ಒಳಗಿದ್ದರೆ ಚಿಂತೆಯಿಲ್ಲ, 1.4 ದಾಟಿದರೆ ಕೊರತೆ. ಈ ಉಪಾಯವನ್ನು ಮೊದಲು ತೋರಿಸಿಕೊಟ್ಟವರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಮೆಹ್ತಾಬ್ ಬಾಮ್‌ಜಿ ಒಬ್ಬರು, 1969ರಲ್ಲಿ. ಥಿಯೋರೆಲ್ ಬಿಚ್ಚಿ ಜೋಡಿಸಿದ್ದನ್ನು ಅವರು ಬಡವರ ರಕ್ತದಲ್ಲಿ ಹಸಿವು ಅಳೆಯುವುದಕ್ಕೆ ಬಳಸಿದರು. ಈ ವಿದ್ಯೆಯಲ್ಲಿ ನನಗೆ ಅತಿ ಇಷ್ಟವಾದ ಸಂಗತಿ ಇದು.

ಆ ವಾರ ಅಕ್ಕ ಹಾಸ್ಟೆಲಿಗೆ ಬಂದಿದ್ದಳು, ಹುರಿದ ಕಡಲೆಕಾಯಿ ಗಂಟು ಹಿಡಿದುಕೊಂಡು. ಕಟವಾಯಿ ಬಿರಿದಿತ್ತು. ಅವಳನ್ನು ಪ್ರಯೋಗಾಲಯಕ್ಕೆ ಕರೆದುಕೊಂಡು ಹೋದೆ, ನಮ್ಮ ಮೇಡಂ ರಕ್ತ ತೆಗೆದರು. ಅವಳದು 1.4 ದಾಟಿತ್ತು. ನನ್ನದು ದಾಟಿರಲಿಲ್ಲ, ಹಾಸ್ಟೆಲಿನಲ್ಲಿ ನನಗೆ ರಾತ್ರಿ ಮಜ್ಜಿಗೆ, ವಾರಕ್ಕೆರಡು ಮೊಟ್ಟೆ ಸಿಗುತ್ತಿತ್ತು. ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಬರೆದು ಅದರ ಅರ್ಥ ಏನು ಅಂತ ಅಕ್ಕನಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅಂದ್ರೆ ಇಷ್ಟು ವರ್ಷ ಡೈರಿಗೆ ಹೊತ್ತದ್ದೇ ನನ್ ಬಾಯಿಗೆ ಬೇಕಾಗಿತ್ತಾ?' ಅಂದಳು. ಹೇಳಿ ನಕ್ಕಳು. ನನಗೆ ನಗು ಬರಲಿಲ್ಲ.

ಗುಳಿಗೆ ತಿಂದರೆ ಆಯಿತಲ್ಲ ಅಂತ ನೀವು ಕೇಳಬಹುದು. ಅಕ್ಕನಿಗೆ ನಾನೂ ಕೊಡಿಸಿದೆ, ಹುಣ್ಣು ಕೆಲವೇ ದಿನದಲ್ಲಿ ಮಾಯಿತು. ಆದರೆ ಬಿ ಕಾಂಪ್ಲೆಕ್ಸ್ ತಿಂದ ದಿನ ಮೂತ್ರ ಯಾಕೆ ಅಷ್ಟು ಹಳದಿ ಅಂತ ನೋಡಿದ್ದೀರಾ? ಕೂರಲು ಪ್ರೋಟೀನಿನಲ್ಲಿ ಜಾಗ ಸಿಗದ ಬಿ2 ದೇಹದಲ್ಲಿ ನಿಲ್ಲುವುದಿಲ್ಲ, ಹೊರಗೆ ಹೋಗುತ್ತದೆ. ಎಷ್ಟು ಹಿಡಿ ಇದೆಯೋ ಅಷ್ಟೇ ಅಲಗು ಉಳಿಯುವುದು. ಊಟದಲ್ಲಿ ಪ್ರೋಟೀನೇ ಸಾಲದೆ ದೇಹ ತನ್ನ ಮಾಂಸವನ್ನೇ ಕರಗಿಸುವಾಗ ಬಿ2 ಕೂಡ ಹೆಚ್ಚಾಗಿ ಸೋರಿಹೋಗುತ್ತದೆ. ಆದ್ದರಿಂದ ಕೊರತೆ ಇದ್ದಾಗ ಗುಳಿಗೆ, ದಿನಾಲೂ ಹಾಲು, ಮೊಸರು, ಮೊಟ್ಟೆ, ಬೇಳೆಕಾಳು, ಸೊಪ್ಪು. ನಮ್ಮ ರಾಗಿಯಲ್ಲಿ ಪಾಲಿಶ್ ಮಾಡಿದ ಅಕ್ಕಿಗಿಂತ ಸುಮಾರು ಮೂರು ಪಟ್ಟು ಬಿ2 ಇದೆ, ಮುದ್ದೆ ಬಿಟ್ಟು ಅನ್ನಕ್ಕೆ ಬಂದವರು ಸ್ವಲ್ಪ ಯೋಚಿಸಬೇಕು.

ತಾಯಂದಿರಿಗೆ, ಅಂಗಡಿಯವರಿಗೆ ಇನ್ನೆರಡು ಮಾತು. ಹಾಲು ಕಾಯಿಸಿದರೆ ಬಿ2 ಹೆಚ್ಚು ಹಾಳಾಗುವುದಿಲ್ಲ, ಬಿಸಿಲಿಗೆ ಹಾಳಾಗುತ್ತದೆ. ಪಾರದರ್ಶಕ ಬಾಟಲಿಯ ಹಾಲನ್ನು ಎರಡು ಗಂಟೆ ನೇರ ಬಿಸಿಲಿನಲ್ಲಿಟ್ಟರೆ ಅರ್ಧಕ್ಕಿಂತ ಹೆಚ್ಚು ಹೋಗಬಹುದು. ಹಾಲಿನ ಪೊಟ್ಟಣಗಳನ್ನು ಅಂಗಡಿ ಮುಂದೆ ಬಿಸಿಲಲ್ಲಿ ಇಡಬೇಡಿ. ಬೇಳೆ ಬೇಗ ಬೇಯಲಿ ಅಂತ ಅಡುಗೆ ಸೋಡಾ ಹಾಕಬೇಡಿ, ಕ್ಷಾರಕ್ಕೂ ಇದು ತಾಳುವುದಿಲ್ಲ.

ಇಲ್ಲಿ 2013ರಿಂದ ಕ್ಷೀರಭಾಗ್ಯದ ಹಾಲು ಬರುತ್ತಿದೆ, ಈಗ ಮೊಟ್ಟೆಯೂ ಬರುತ್ತಿದೆ. ನಿನ್ನೆ ಬೆಳಿಗ್ಗೆ ಮಕ್ಕಳು ಸಾಲಾಗಿ ಕೂತು ಹಾಲು ಕುಡಿಯುವುದನ್ನು ವರಾಂಡದಲ್ಲಿ ನಿಂತು ನೋಡಿದೆ. ಇಬ್ಬರು ಹುಡುಗರು ಕುಡಿಯದೆ ಗಿಡಕ್ಕೆ ಸುರಿದರು. ಬಾಯಿಗೆ ಬಂದ ಬೈಗುಳ ನುಂಗಿಕೊಂಡೆ. ಅಕ್ಕ ನುಂಗಿಕೊಳ್ಳಲಿಲ್ಲ, ಇಬ್ಬರಿಗೂ ಸರಿಯಾಗಿ ಬೈದಳು. ಅವಳ ಮನೆಯಲ್ಲಿ ಈಗ ಮೂರು ಹಸು ಇವೆ. ಕರೆದ ತಕ್ಷಣ ಒಂದು ಚೊಂಬು ಒಲೆಯ ಪಕ್ಕಕ್ಕೆ ಹೋಗುತ್ತದೆ, ಕ್ಯಾನು ಆಮೇಲೆ ತುಂಬುತ್ತದೆ. ಮೊಮ್ಮಕ್ಕಳ ಬಾಯಿ ನಾನು ಪ್ರತಿ ಸಲ ನೋಡುತ್ತೇನೆ, ಅವು ನಾಲಿಗೆ ಚಾಚಿ ಓಡಿಹೋಗುತ್ತವೆ.

ಮೇಷ್ಟ್ರೇ, ಎರಡು ಅಂಕದ ಉತ್ತರ ಸ್ವಲ್ಪ ಉದ್ದವಾಯಿತು. ಮಕ್ಕಳೇ, ಊಟವಾದ ಮೇಲೆ ಎಂಟನೇ ತರಗತಿ ಕೊಠಡಿಗೆ ಬನ್ನಿ. ಕಿಟಕಿ ಮುಚ್ಚಿ ಕತ್ತಲು ಮಾಡಿರುತ್ತೇವೆ. ಒಂದು ಲೋಟ ನೀರಿಗೆ ಬಿ ಕಾಂಪ್ಲೆಕ್ಸ್ ಗುಳಿಗೆ ಪುಡಿ ಮಾಡಿ ಹಾಕಿ, ಬ್ಯಾಂಕಿನವರು ಖೋಟಾ ನೋಟು ಪತ್ತೆ ಮಾಡುವ ನೇರಳೆ ದೀಪ ಹಿಡಿಯುತ್ತೇನೆ. ಮಿಂಚುಹುಳದ ಹಾಗೆ ಹಸಿರು ಹಳದಿ ಹೊಳೆಯುತ್ತದೆ. ಮೇಷ್ಟ್ರಿಗೆ ಮುಂದಿನ ಬೆಂಚಿನಲ್ಲಿ ಜಾಗ ಬಿಡಿ.